ಸಂಜೆಯಾದರೆ ವೋಲ್ಟೇಜ್ ಕುಸಿಯುತ್ತದೆ, ಐಸಿ ಬದಲಿಸಿದರೂ ಸರಿಯಾಗಲಿಲ್ಲ: ಏನು ಮಾಡಲಿ?

ಪ್ರಶ್ನೆ: ಸರ್, ನಮಸ್ತೆ. ಪೆರ್ಲದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯೆ ನಮ್ಮ ಮನೆ. 100 ವ್ಯಾಟಿನ ಎಚ್‌ಎಫ್ ಸೆಟ್ಟಿಗೆ, ಅಂದರೆ ಶಾರ್ಟ್‌ವೇವ್‌ನಲ್ಲಿ ಮಾತಾಡುವ ರೇಡಿಯೋಗೆ, ಹಳೆಯ ಹ್ಯಾಮ್ (ಹವ್ಯಾಸಿ ರೇಡಿಯೋದವರು) ಒಬ್ಬರು ಕಟ್ಟಿಕೊಟ್ಟ 13.8 ವೋಲ್ಟ್, 20 ಆಂಪಿಯರಿನ ಪವರ್ ಸಪ್ಲೈ ಇದೆ. ಒಳಗೆ 18 ವೋಲ್ಟಿನ ಟ್ರಾನ್ಸ್‌ಫಾರ್ಮರ್, 22,000 ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರ್, ವೋಲ್ಟೇಜ್ ಹಿಡಿದಿಡುವ 723 ಐಸಿ (ರೆಗ್ಯುಲೇಟರ್), ಕರೆಂಟ್ ಹೊರುವ ನಾಲ್ಕು 2ಎನ್3055 ಟ್ರಾನ್ಸಿಸ್ಟರ್. ಹಗಲು ಸರಿ ಇರುತ್ತದೆ. ಸಂಜೆ ಏಳರ ನಂತರ ಮೈಕಿನ ಪಿಟಿಟಿ ಬಟನ್ ಒತ್ತಿ ಮಾತಾಡಿದರೆ ವೋಲ್ಟೇಜ್ 11ರ ಹತ್ತಿರ ಇಳಿಯುತ್ತದೆ. ಆಚೆ ಕಡೆಯವರು ಗುಂಯ್ ಅಂತ ಹಮ್ ಬರುತ್ತಿದೆ ಅನ್ನುತ್ತಾರೆ. ಕೆಲವು ದಿನ ಹಗಲಿನಲ್ಲೂ ಮೀಟರ್ ಮಾತಿನ ಜೊತೆ ಕುಣಿಯುತ್ತದೆ, ಒಮ್ಮೊಮ್ಮೆ 15 ತೋರಿಸಿದ್ದೂ ಉಂಟು. ಐಸಿ ಎರಡು ಸಲ ಬದಲಿಸಿದೆ. ಇನ್ನು ಏನು ಬದಲಿಸಲಿ?

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ಮೊದಲು ಸೆಟ್ಟಿನ ವೈರ್ ಬಿಚ್ಚಿ ಪಕ್ಕಕ್ಕಿಡಿ. ಕೆಳಗೆ ಇಳಿದರೆ ಸೆಟ್ ಆಫ್ ಆದೀತು ಅಷ್ಟೆ, ಆದರೆ 15 ತೋರಿಸಿದೆ ಅಂದಿರಲ್ಲ, ಅದು ನನಗೆ ಹೆದರಿಕೆ. ಈ ಸೆಟ್ಟುಗಳಿಗೆ ಸಾಮಾನ್ಯವಾಗಿ ಕಂಪನಿ ಹೇಳುವುದು 13.8ಕ್ಕೆ ಶೇಕಡ 15 ಹೆಚ್ಚು ಕಮ್ಮಿ. ಅಂದರೆ 11.7ರಿಂದ 15.9ರ ತನಕ. ನೀವು ಅಂಚಿನ ಹತ್ತಿರ ಇದ್ದೀರಿ. ಈ ಸಪ್ಲೈ ನಂಬಿಕೆಗೆ ಬರುವ ತನಕ ಅದಕ್ಕೆ ಸೆಟ್ ಜೋಡಿಸಬೇಡಿ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ಅದರಲ್ಲಿ ಒಂದಲ್ಲ, ಎರಡು ಕಾಯಿಲೆ ಇವೆ. ಸಂಜೆ ಕುಸಿಯುವುದು ಒಂದು, ಹಗಲು ಮಾತಿನ ಜೊತೆ ಕುಣಿಯುವುದು ಇನ್ನೊಂದು. ಎರಡಕ್ಕೂ ಒಂದೇ ಔಷಧಿ ಹುಡುಕಿದ್ದರಿಂದ ಐಸಿಗೆ ಎರಡು ಸಲ ದುಡ್ಡು ಹೋಯಿತು. ಪಾಪ, ಆ ಐಸಿ ಎರಡು ಸಲವೂ ಸರಿಯಾಗಿಯೇ ಇದ್ದಿರಬೇಕು. ಯಾವಾಗ ಏರುಪೇರಾಗುತ್ತದೆ, ಏನು ಮಾಡಿದಾಗ ನಿಲ್ಲುತ್ತದೆ, ಇದನ್ನು ಹಿಡಿದರೆ ಅರ್ಧ ರಿಪೇರಿ ಮುಗಿದ ಹಾಗೆ.

ಮೊದಲು ಸಂಜೆಯದ್ದು ನೋಡೋಣ.

ಒಂದು ಲೆಕ್ಕ ಹಾಕಿ, ಕಷ್ಟದ್ದೇನಲ್ಲ. ಲೈನಿನಲ್ಲಿ 230 ಇದ್ದಾಗ ನಿಮ್ಮ ಟ್ರಾನ್ಸ್‌ಫಾರ್ಮರ್ 18 ವೋಲ್ಟ್ ಎಸಿ ಕೊಡುತ್ತದೆ. ಅದರ ಶಿಖರ 1.414 ಪಟ್ಟು, ಅಂದರೆ 25.4. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಒಳಗೆ ಎರಡು ಡಯೋಡ್ ದಾಟುವಾಗ 2 ವೋಲ್ಟ್ ಹೋಯಿತು, 23.4 ಉಳಿಯಿತು. ಇನ್ನು ಕೆಪಾಸಿಟರ್. ಒಂದು ಶಿಖರದಿಂದ ಮುಂದಿನ ಶಿಖರಕ್ಕೆ 10 ಮಿಲಿಸೆಕೆಂಡ್, ಅದರಲ್ಲಿ ಸುಮಾರು 8 ಮಿಲಿಸೆಕೆಂಡ್ ಪೂರ್ತಿ ಭಾರ ಹೊರುವುದು ಕೆಪಾಸಿಟರೇ. 20 ಆಂಪಿಯರ್ ಎಳೆದರೆ ನಿಮ್ಮ 44,000 ಮೈಕ್ರೋಫ್ಯಾರಡ್ ಆ ಹೊತ್ತಿನಲ್ಲಿ 3.6 ವೋಲ್ಟ್ ಕಳೆದುಕೊಳ್ಳುತ್ತದೆ. ತಗ್ಗಿನಲ್ಲಿ ಉಳಿಯುವುದು 19.8. ಈ ತಗ್ಗಿನ ಅಂಕೆಯನ್ನು ನೆನಪಿಡಿ, ಕತೆ ಎಲ್ಲಾ ಅಲ್ಲೇ ಇರುವುದು.

ಯಾಕೆಂದರೆ 13.8 ಹೊರಗೆ ಬರಬೇಕಾದರೆ ಒಳಗೆ ಅದಕ್ಕಿಂತ ಜಾಸ್ತಿ ಇರಲೇಬೇಕು. 3055ಗಳ ಎಮಿಟರಿನ 0.1 ಓಮ್ ರೆಸಿಸ್ಟರಿನಲ್ಲಿ ಅರ್ಧ ವೋಲ್ಟ್, 3055ರ ಬೇಸ್‌ಗೆ ಹತ್ತಿರ ಹತ್ತಿರ ಒಂದೂವರೆ, ಅವನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರಿಗೆ ಮುಕ್ಕಾಲು, ಆಮೇಲೆ 723ಕ್ಕೆ ಉಸಿರಾಡಲು ಎರಡೋ ಎರಡೂವರೆಯೋ. ಎಲ್ಲಾ ಕೂಡಿಸಿದರೆ ಸುಮಾರು 5. ಅಂದರೆ ತಗ್ಗಿನಲ್ಲೂ 18.5ರಿಂದ 19 ಇರಬೇಕು. ಹಗಲು ನಿಮ್ಮಲ್ಲಿ 19.8 ಇದೆ, ಅಂತೂ ಇಂತೂ ನಡೆಯುತ್ತದೆ.

ಈಗ ಸಂಜೆ ಏಳೂವರೆಗೆ ಬನ್ನಿ. ಎಲ್ಲಾ ಮನೆಯಲ್ಲೂ ಲೈಟು, ಫ್ಯಾನು, ಟಿವಿ, ಮಿಕ್ಸಿ. ನಮ್ಮ ಕಡೆ ಒಂದು ಟ್ರಾನ್ಸ್‌ಫಾರ್ಮರಿನಿಂದ ಲೈನು ಗುಡ್ಡೆ ಹತ್ತಿ ಇಳಿದು ಎಷ್ಟು ದೂರ ಹೋಗುತ್ತದೆ ಅಂತ ನಿಮಗೆ ಗೊತ್ತು. ಕೊನೆಯ ಕಂಬದ ಮನೆಗೆ 195 ಬಂದರೂ ಆಶ್ಚರ್ಯ ಇಲ್ಲ. 195ಕ್ಕೆ ಅದೇ ಲೆಕ್ಕ ಹಾಕಿ. ಶಿಖರ 21.6, ಡಯೋಡ್ ಕಳೆದು 19.6, ಕೆಪಾಸಿಟರಿನ 3.6 ಕಳೆದರೆ 16. ಬೇಕಾದದ್ದು 18.5, ಇರುವುದು 16. ಇದು ಬರೀ ಕಾಗದದ ಲೆಕ್ಕ, ತಾಮ್ರದ ಸುತ್ತಿನ ಕುಸಿತ ಸೇರಿದರೆ ಇನ್ನೂ ಕಮ್ಮಿ. ಪ್ರತಿ 10 ಮಿಲಿಸೆಕೆಂಡಿಗೆ ಒಮ್ಮೆ ರೆಗ್ಯುಲೇಟರ್ ಕೈ ಬಿಡುತ್ತದೆ. ಕೈ ಬಿಟ್ಟ ಪ್ರತಿ ಸಲವೂ ಔಟ್‌ಪುಟ್‌ನಲ್ಲಿ ಒಂದು ಗುಂಡಿ. ಸೆಕೆಂಡಿಗೆ 100 ಗುಂಡಿ. ಆಚೆಯವರಿಗೆ ಕೇಳಿಸುವ ಗುಂಯ್ ಅದೇ. ನಿಮ್ಮ ಮೀಟರ್ ಈ ಗುಂಡಿಗಳನ್ನೆಲ್ಲ ಸೇರಿಸಿ ಸರಾಸರಿ ಮಾಡಿ 11 ಅನ್ನುತ್ತದೆ.

ಹೀಗಾಗಿ ಇವತ್ತು ಸಂಜೆ ನೀವು ಮಾಡಬೇಕಾದ ಮೊದಲ ಕೆಲಸ ಸಪ್ಲೈಯ ಡಬ್ಬಿ ಬಿಚ್ಚುವುದಲ್ಲ. ಗೋಡೆಯ ಪ್ಲಗ್ಗಿನಲ್ಲಿ ಎಷ್ಟಿದೆ ನೋಡಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ ಏಳೂವರೆಗೆ, ರಾತ್ರಿ ಹತ್ತಕ್ಕೆ, ನಾಲ್ಕು ದಿನ ಬರೆದಿಡಿ. ಬೇಸಿಗೆಯಲ್ಲಾದರೆ ತೋಟಕ್ಕೆ ಪಂಪು ಬಿಡುವ ಹೊತ್ತನ್ನೂ ಬರೆಯಿರಿ, ಆಗ ಸಂಜೆಗಿಂತ ಜಾಸ್ತಿ ಕುಸಿಯುವ ಜಾಗಗಳಿವೆ. ನಿಯಮದ ಪ್ರಕಾರ 230ಕ್ಕೆ ಶೇಕಡ 6ರ ಒಳಗೆ ಹೆಚ್ಚು ಕಮ್ಮಿ ಇರಬಹುದು, ಅಂದರೆ 216ಕ್ಕಿಂತ ಕೆಳಗೆ ಹೋಗಬಾರದು. ಬರೆದ ಅಂಕೆಗಳನ್ನು ಹಿಡಿದುಕೊಂಡು ಕರೆಂಟ್ ಆಫೀಸಿಗೆ ಹೋಗಿ. ‘ವೋಲ್ಟೇಜ್ ಇಲ್ಲ’ ಅಂತ ಬಾಯಲ್ಲಿ ಹೇಳುವುದಕ್ಕೂ, ತಾರೀಕು ಗಂಟೆ ಹಾಕಿದ ಹಾಳೆ ಮುಂದಿಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಪ್ಲಗ್ಗಿನಲ್ಲಿ ಸಂಜೆಯೂ 220 ಇದ್ದು ಸಪ್ಲೈ ಮಾತ್ರ ಕುಸಿದರೆ? ಆಗ ಕೆಪಾಸಿಟರ್ ಮೇಲೆ ಕಣ್ಣಿಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ವಯಸ್ಸಾಗುತ್ತದೆ. ಒಳಗಿನ ದ್ರವ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅಂತ ಒಂದು ಹಳೆ ಲೆಕ್ಕ ಇದೆ, ಹೀಟ್‌ಸಿಂಕ್ ಪಕ್ಕಕ್ಕೇ ಕೆಪಾಸಿಟರ್ ನಿಲ್ಲಿಸಿದ ಸಪ್ಲೈಗಳನ್ನು ಬಿಚ್ಚಿದಾಗೆಲ್ಲ ನನಗೆ ಅದು ನೆನಪಾಗುತ್ತದೆ. 44,000 ಇದ್ದದ್ದು ಅರ್ಧ ಆಗಿದ್ದರೆ, 3.6 ಇದ್ದ ಕುಸಿತ 7ರ ಹತ್ತಿರ ಹೋಗುತ್ತದೆ. ಆಗ ಹಗಲಿನ 230ಕ್ಕೂ ಸಾಲದು. ತಲೆ ಉಬ್ಬಿದೆಯಾ, ಬುಡದಲ್ಲಿ ಜಿಡ್ಡು ಇದೆಯಾ ನೋಡಿ. ಆದರೆ ನೋಡಲು ಚೆನ್ನಾಗಿದ್ದೇ ಸತ್ತ ಕೆಪಾಸಿಟರ್ ಬೇಕಾದಷ್ಟಿವೆ, ಅದಕ್ಕೇ ಅಳತೆ.

ಅಳೆಯಲು ಲೋಡ್ ಬೇಕಲ್ವಾ? ಸೆಟ್ ಇಟ್ಟು ಅಳೆಯಬೇಡಿ. ಕಾರಿನ ಹೆಡ್‌ಲೈಟ್ ಬಲ್ಬ್ ತನ್ನಿ, ಎಚ್4 ಅಂತ ಕೇಳಿ, 12 ವೋಲ್ಟ್ 60/55 ವ್ಯಾಟ್. ಒಂದು ಫಿಲಮೆಂಟು ಸುಮಾರು 5 ಆಂಪಿಯರ್ ಎಳೆಯುತ್ತದೆ. ವರ್ಕ್‌ಶಾಪಿನಲ್ಲಿ ಒಂದು ಫಿಲಮೆಂಟು ಸುಟ್ಟ ಹಳೆ ಬಲ್ಬ್ ಕೇಳಿದರೆ ಸುಮ್ನೆ ಕೊಡುತ್ತಾರೆ, ನಮಗೆ ಒಂದೇ ಸಾಕು. ನಾಲ್ಕು ಬಲ್ಬ್ ಒಂದೊಂದಾಗಿ ಸೇರಿಸುತ್ತಾ ಹೋಗಿ, ಒಟ್ಟಿಗೆ ಬೇಡ. ತಣ್ಣಗಿರುವ ಫಿಲಮೆಂಟು ಮೊದಲ ಕ್ಷಣ ಹತ್ತು ಪಟ್ಟು ಎಳೆಯುತ್ತದೆ, ಆಗ ಸಪ್ಲೈಯ ಕರೆಂಟ್ ಲಿಮಿಟ್ ಕೆಲಸಕ್ಕೆ ಬಂದು ಔಟ್‌ಪುಟ್ ಕೆಳಗೇ ಕೂತುಬಿಟ್ಟರೆ, ಇಲ್ಲದ ದೋಷ ಇದೆ ಅನಿಸುತ್ತದೆ. ಬಲ್ಬುಗಳನ್ನು ಒಂದು ಹೆಂಚಿನ ಮೇಲಿಡಿ, ಮೇಜಿನ ಮೇಲೆ ಬೇಡ. ಒಂದು ನಿಮಿಷಕ್ಕಿಂತ ಹೆಚ್ಚು ಉರಿಸಬೇಡಿ.

ಬಲ್ಬ್ ಉರಿಯುತ್ತಿರುವಾಗ ಮೀಟರನ್ನು ಎಸಿ ರೇಂಜಿಗೆ ಹಾಕಿ ದೊಡ್ಡ ಕೆಪಾಸಿಟರಿನ ಎರಡು ತುದಿಗೆ ಹಿಡಿಯಿರಿ. ಅಗ್ಗದ ಮೀಟರುಗಳು ಎಸಿ ರೇಂಜಿನಲ್ಲಿ ಡಿಸಿಯನ್ನೂ ಸೇರಿಸಿ ತೋರಿಸುತ್ತವೆ, ಹಾಗಾಗಿ ಒಂದು ವೈರಿಗೆ 1 ಮೈಕ್ರೋಫ್ಯಾರಡಿನ ಪ್ಲಾಸ್ಟಿಕ್ ಕೆಪಾಸಿಟರ್ ಸಾಲಾಗಿ ಸೇರಿಸಿಕೊಳ್ಳಿ. ಪೂರ್ತಿ 20 ಆಂಪಿಯರಿಗೆ 1 ವೋಲ್ಟ್ ಆಸುಪಾಸು ಬಂದರೆ ಕೆಪಾಸಿಟರ್ ಗಟ್ಟಿ ಇದೆ. 2 ಬಂದರೆ ಬದಲಿಸಿ, ಎರಡನ್ನೂ ಒಟ್ಟಿಗೆ. 105 ಡಿಗ್ರಿಯದ್ದು, 40 ಅಥವಾ 50 ವೋಲ್ಟಿನದ್ದು ಕೇಳಿ. ಕೆಪಾಸಿಟರ್ ಹೊಸದು ಹಾಕಿಯೂ ಈ ಎಸಿ (ರಿಪಲ್) 2 ವೋಲ್ಟಿನಷ್ಟೇ ಇದ್ದರೆ ಬ್ರಿಡ್ಜಿನ ಒಂದು ಡಯೋಡ್ ತೆರೆದುಕೊಂಡಿದೆ, ಒಂದು ಅಲೆ ಬಿಟ್ಟು ಒಂದು ಅಲೆ ಬರುತ್ತಿದೆ. ಆಗ ಗುಂಯ್ ಶಬ್ದವೂ ದಪ್ಪ, 100 ಅಲ್ಲ 50 ಹರ್ಟ್ಜಿನದ್ದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಜೀವ ಇರುತ್ತದೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. 100 ಓಮ್, 10 ವ್ಯಾಟಿನ ರೆಸಿಸ್ಟರನ್ನು ಅರ್ಧ ನಿಮಿಷ ಹಿಡಿದರೆ ಖಾಲಿ. ಬೆರಳಿನ ಉಂಗುರ ತೆಗೆದಿಡಿ. 23 ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಉಂಗುರ ಅಡ್ಡ ಬಂದರೆ ಬೆರಳು ಸುಡುತ್ತದೆ.

ಕೆಪಾಸಿಟರ್ ಚೆನ್ನಾಗಿದೆ, ಲೈನೇ ಕಮ್ಮಿ ಅಂತಾದರೆ ಒಂದು ಉಪಾಯ ಇದೆ, ನನಗೆ ತುಂಬಾ ಇಷ್ಟದ್ದು. 723ಕ್ಕೆ ಬೇರೆ ಊಟ ಕೊಡಿ. ಬ್ರಿಡ್ಜಿನ ಎರಡು ಎಸಿ ಕಾಲುಗಳಿಂದ ಒಂದೊಂದು 1ಎನ್4007 ಡಯೋಡ್ ತೆಗೆದು, ಎರಡರ ಕ್ಯಾಥೋಡನ್ನೂ ಸೇರಿಸಿ, 1000 ಮೈಕ್ರೋಫ್ಯಾರಡ್ 50 ವೋಲ್ಟಿನ ಒಂದು ಸಣ್ಣ ಕೆಪಾಸಿಟರಿನ ಪ್ಲಸ್ಸಿಗೆ ಕೊಡಿ. ಮೈನಸ್ ಮಾಮೂಲಿ ಮೈನಸ್ಸಿಗೆ. ಈ ಪ್ಲಸ್ಸನ್ನು ಐಸಿಯ 11 ಮತ್ತು 12ನೇ ಕಾಲಿಗೆ ಕೊಟ್ಟು, ಅವಕ್ಕೆ ಮೊದಲು ಬರುತ್ತಿದ್ದ ವೈರನ್ನು ತೆಗೆಯಿರಿ. ಐಸಿ ಎಳೆಯುವುದು ಕೆಲವೇ ಮಿಲಿ ಆಂಪಿಯರ್, ಆದ್ದರಿಂದ ಈ ಸಣ್ಣ ಕೆಪಾಸಿಟರ್ ಯಾವಾಗಲೂ ಶಿಖರದಲ್ಲೇ ಕೂತಿರುತ್ತದೆ, ದೊಡ್ಡ ಕೆಪಾಸಿಟರಿನ ತಗ್ಗು ಐಸಿಗೆ ತಾಗುವುದೇ ಇಲ್ಲ. ಬೇಕಾದ ತಗ್ಗು 18.5ರಿಂದ 16.5ರ ಹತ್ತಿರಕ್ಕೆ ಇಳಿಯುತ್ತದೆ. ಎರಡು ಡಯೋಡ್, ಒಂದು ಕೆಪಾಸಿಟರ್. ಲೈನು 200ರ ಮೇಲಿದ್ದರೆ ನಿಮ್ಮ ಸಂಜೆಯ ಹಮ್ ಇಷ್ಟರಲ್ಲೇ ಹೋಗಬೇಕು. ಅದಕ್ಕೂ ಕೆಳಗಿದ್ದರೆ ಪವರ್ ಕಮ್ಮಿ ಮಾಡಿ ಮಾತಾಡಿ, 50 ವ್ಯಾಟಿಗೆ ಇಳಿಸಿದರೆ ಆಚೆಯವರ ಸಿಗ್ನಲ್ ಬಲ ತೋರಿಸುವ ಎಸ್ ಮೀಟರಿನಲ್ಲಿ ಅರ್ಧ ಗೆರೆ ವ್ಯತ್ಯಾಸ, ಸಪ್ಲೈಗೆ ಮಾತ್ರ ದೊಡ್ಡ ನೆಮ್ಮದಿ.

ರಿಲೇ ಇರುವ ಸ್ಟೆಬಿಲೈಸರ್ ಹಾಕಲೇ ಅಂತ ಕೇಳಬಹುದು. ಹಾಕಬಹುದು, ಆದರೆ ಅದು ಟಕ್ ಟಕ್ ಅಂತ ಮೆಟ್ಟಿಲು ಬದಲಿಸುವಾಗ ನಿಮ್ಮ ಬಡ ರೆಗ್ಯುಲೇಟರಿಗೆ ಕೆಲಸ ಹೆಚ್ಚು. ನಾನಾದರೆ ಕೊನೆಗೆ ಉಳಿಸಿಕೊಳ್ಳುತ್ತೇನೆ.

ಇನ್ನು ಹಗಲಿನ ಕುಣಿತ. ಇದಕ್ಕೆ ಒಂದೇ ಪರೀಕ್ಷೆ ಸಾಕು, ಆದರೆ ಸಪ್ಲೈ ಬಲ್ಬಿನ ಮೇಲೆ ಪಾಸಾದ ನಂತರ ಮಾತ್ರ. ಆಂಟೆನಾ ಬಿಚ್ಚಿ 50 ಓಮಿನ ಡಮ್ಮಿ ಲೋಡ್ (ಆಂಟೆನಾದ ಬದಲು ಪವರನ್ನು ಶಾಖವಾಗಿ ನುಂಗುವ ರೆಸಿಸ್ಟರ್) ಹಾಕಿ. ಅದೇ ಪವರ್, ಅದೇ ಮಾತು. ಡಮ್ಮಿ ಲೋಡಿನಲ್ಲಿ ಮೀಟರ್ ಅಲುಗದೆ ನಿಂತು, ಆಂಟೆನಾ ಹಾಕಿದ ಕೂಡಲೇ ಕುಣಿದರೆ ಸಪ್ಲೈ ನಿರಪರಾಧಿ. ನಿಮ್ಮ ಸ್ವಂತ ಆರ್‌ಎಫ್, ಅಂದರೆ ಸೆಟ್ ಹೊರಬಿಡುವ ರೇಡಿಯೋ ಅಲೆ, ಹಿಂದೆ ಬಂದು 723ರ ಒಳಗೆ ಹೊಕ್ಕಿದೆ. ಡಮ್ಮಿ ಲೋಡಿನಲ್ಲೂ ಕುಣಿದರೆ ಸಪ್ಲೈ ಅಥವಾ ವೈರು.

ಇಲ್ಲೊಂದು ಮೋಸ ಇದೆ. ಮೀಟರಿಗೇ ಆರ್‌ಎಫ್ ತಾಗಬಹುದು. ಡಿಜಿಟಲ್ ಮೀಟರಿನ ಒಂದು ಮೀಟರ್ ಉದ್ದದ ವೈರು ತಾನೇ ಒಂದು ಆಂಟೆನಾ. ನೀವು ನೋಡಿದ 15 ನಿಜವಾದ 15 ಅಲ್ಲದೆ ಇರಬಹುದು. ಔಟ್‌ಪುಟ್ಟಿಗೆ ಬೈಕಿನ ಸಣ್ಣ 12 ವೋಲ್ಟ್ ಬಲ್ಬ್ ಒಂದನ್ನು ಜೋಡಿಸಿ, ಮಾತಾಡುತ್ತಾ ಅದನ್ನೇ ನೋಡಿ. ಬಲ್ಬ್ ಮಿನುಗದೆ ಮೀಟರ್ ಮಾತ್ರ ಕುಣಿದರೆ ಮೀಟರನ್ನು ನಂಬಬೇಡಿ. ಹಳೆಯ ಮುಳ್ಳಿನ ಮೀಟರ್ ಇದ್ದರೆ ಅದು ಈ ಕೆಲಸಕ್ಕೆ ಇನ್ನೂ ಒಳ್ಳೆಯದು.

ಆರ್‌ಎಫ್ ಅಂತ ಗೊತ್ತಾದರೆ ಎರಡು ಕಡೆಯಿಂದ ತಡೆಯಬೇಕು. ಸಪ್ಲೈಯ ಔಟ್‌ಪುಟ್ ಟರ್ಮಿನಲಿಗೆ, ಹೊರಗಲ್ಲ ಒಳಗಿನಿಂದ, 0.01 ಮೈಕ್ರೋಫ್ಯಾರಡಿನ ಸೆರಾಮಿಕ್ ಡಿಸ್ಕ್ ಬೆಸುಗೆ ಹಾಕಿ, ಕಾಲು ಎಷ್ಟು ಗಿಡ್ಡ ಆಗುತ್ತದೋ ಅಷ್ಟು ಗಿಡ್ಡ. ಪ್ಲಸ್ಸಿನಿಂದ ಡಬ್ಬಿಗೊಂದು, ಮೈನಸ್ಸಿನಿಂದ ಡಬ್ಬಿಗೊಂದು, ಎರಡರ ಮಧ್ಯೆ ಒಂದು. ಐಸಿಯ 4ನೇ ಮತ್ತು 13ನೇ ಕಾಲಿನ ಮಧ್ಯೆ ಒಂದು ಸಣ್ಣ ಕೆಪಾಸಿಟರ್ ಇರಬೇಕು. ಅಲ್ಲಿ 100 ಪಿಕೋಫ್ಯಾರಡ್ ಇದ್ದರೆ 470ಕ್ಕೆ ಏರಿಸಿ ನೋಡಿ. ಹಳೆಯ ಮಾನಿಟರ್ ಕೇಬಲಿನ ತುದಿಯಲ್ಲಿ ಕಪ್ಪು ಗುಂಡು ಇರುತ್ತದಲ್ಲ, ಅದು ಫೆರೈಟ್, ಆರ್‌ಎಫ್ ತಡೆಯುತ್ತದೆ. ಪ್ಲಾಸ್ಟಿಕ್ ಕತ್ತರಿಸಿ ತೆಗೆದು ಸೆಟ್ಟಿನ ಡಿಸಿ ವೈರಿನ ಎರಡೂ ಎಳೆಗಳನ್ನು ಒಟ್ಟಿಗೆ ಅದರೊಳಗೆ ತೂರಿಸಿ.

ಆದರೆ ನಿಜವಾದ ಔಷಧಿ ಆಂಟೆನಾದಲ್ಲಿದೆ. 40 ಮೀಟರ್ ಬ್ಯಾಂಡಿನ ಡೈಪೋಲ್ (ನಡುವೆ ಕೇಬಲ್ ಸೇರುವ ವೈರ್ ಆಂಟೆನಾ) ಅಂದರೆ ಒಟ್ಟು 20 ಮೀಟರ್ ವೈರು. ಅದರ ಒಂದು ತುದಿಯನ್ನು ತೆಂಗಿನ ಮರಕ್ಕೆ ಕಟ್ಟಿ, ಇನ್ನೊಂದನ್ನು ರೇಡಿಯೋ ಕೋಣೆಯ ಮಾಡಿಗೇ ಕಟ್ಟಿದವರನ್ನು ನೋಡಿದ್ದೇನೆ. ತುದಿಯಲ್ಲೇ ವೋಲ್ಟೇಜ್ ಜಾಸ್ತಿ ಇರುವುದು, ಅದರ ಕೆಳಗೆ ಸಪ್ಲೈ ಇಟ್ಟರೆ ಕುಣಿಯದೆ ಏನು ಮಾಡೀತು! ತುದಿಯನ್ನು ಮನೆಯಿಂದ ದೂರ ಒಯ್ಯಿರಿ. ನಡುವಿನಲ್ಲಿ, ಕೇಬಲ್ ಸೇರುವಲ್ಲಿ, ಅದೇ ಕೇಬಲನ್ನು ಹತ್ತು ಸುತ್ತು ಸುತ್ತಿ ಟೇಪ್ ಹಾಕಿ ಕಟ್ಟಿ. ಕೇಬಲಿನ ಹೊರಮೈ ಮೇಲೆ ಕೋಣೆಗೆ ಹರಿದು ಬರುವ ಆರ್‌ಎಫ್ ಅಲ್ಲಿಯೇ ಬಹಳಷ್ಟು ನಿಲ್ಲುತ್ತದೆ.

ಡಮ್ಮಿ ಲೋಡಿನಲ್ಲೂ ಅಲುಗಿದರೆ ಮೀಟರನ್ನು ಮೊದಲು ಸಪ್ಲೈಯ ಟರ್ಮಿನಲಿನಲ್ಲಿ, ಆಮೇಲೆ ಸೆಟ್ಟಿನ ಹಿಂದಿನ ಪ್ಲಗ್ಗಿನಲ್ಲಿ ಹಿಡಿಯಿರಿ. ಸಪ್ಲೈಯಲ್ಲಿ 13.8, ಸೆಟ್ಟಿನಲ್ಲಿ 12.6 ಆದರೆ ನಡುವಿನ ದಾರಿಯಲ್ಲಿ ನಷ್ಟ. 2.5 ಚದರ ಮಿಲಿಮೀಟರಿನ ತಾಮ್ರದ ವೈರು ಎರಡು ಮೀಟರ್ ಇದ್ದರೆ ಹೋಗಿ ಬಂದು ನಾಲ್ಕು ಮೀಟರ್, 20 ಆಂಪಿಯರಿಗೆ ಅಲ್ಲೇ 0.6 ವೋಲ್ಟ್ ಹೋಗುತ್ತದೆ. ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿ, ಬಿಸಿ ಇದ್ದರೆ ಅಲ್ಲೂ ನಷ್ಟ. ಆಟಿಯ ಮಳೆಯಲ್ಲಿ ನಮ್ಮ ಕಡೆ ಹಿತ್ತಾಳೆಯ ಟರ್ಮಿನಲಿಗೆ ಹಸಿರು ಕಿಲುಬು ಹಿಡಿಯಲು ಒಂದು ತಿಂಗಳು ಸಾಕು. ಕಾಗದದಷ್ಟು ತೆಳ್ಳಗೆ ಇರುತ್ತದೆ, ಕಣ್ಣಿಗೆ ಏನೂ ಅನಿಸುವುದಿಲ್ಲ. ಬಿಚ್ಚಿ, ನುಣ್ಣನೆಯ ಮರಳು ಕಾಗದದಲ್ಲಿ ಉಜ್ಜಿ, ಲಗ್ ಹಾಕಿ ಬಿಗಿ ಮಾಡಿ.

ಡಬ್ಬಿ ಬಿಚ್ಚಿದ ಮೇಲೆ ಎರಡು ಜಾಗ ತಪ್ಪದೆ ನೋಡಿ. ಒಂದು, ನಾಲ್ಕು 3055ಗಳ 0.1 ಓಮ್ ರೆಸಿಸ್ಟರುಗಳು. 20 ಆಂಪಿಯರ್ ಲೋಡಿನಲ್ಲಿ ಪ್ರತಿಯೊಂದರ ಮೇಲೂ 0.5 ವೋಲ್ಟ್ ಇರಬೇಕು. ಮೂರರಲ್ಲಿ 0.67 ಇದ್ದು ಒಂದರಲ್ಲಿ ಸೊನ್ನೆ ಬಂದರೆ ಆ ಟ್ರಾನ್ಸಿಸ್ಟರ್ ಮಲಗಿದೆ, ಉಳಿದ ಮೂರು ಅದರ ಕೆಲಸವನ್ನೂ ಹೊತ್ತು ಸುಡುತ್ತಿವೆ. ಬದಲಿಸುವಾಗ ಮೈಕಾ ತುಂಡಿನ ಎರಡೂ ಬದಿಗೆ ಬಿಳಿ ಪೇಸ್ಟ್ ಹಚ್ಚಿ, ತೆಳ್ಳಗೆ. ಇನ್ನೊಂದು ಪ್ರಿಸೆಟ್, ತಿರುಗಿಸಿ ವೋಲ್ಟೇಜ್ ಹೊಂದಿಸುವ ಸಣ್ಣ ರೆಸಿಸ್ಟರ್. ಲೋಡ್ ಇಟ್ಟು ಅದನ್ನು ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಮೀಟರ್ ಹಾರಿದರೆ ಸಿಕ್ಕಿತು ಕಳ್ಳ. ನಿಮ್ಮ 15 ವೋಲ್ಟ್ ನಿಜವಾಗಿದ್ದರೆ ನನಗೆ ಮೊದಲ ಅನುಮಾನ ಇದರ ಮೇಲೆಯೇ.

ಆ ಪ್ರಿಸೆಟ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. 723ರ ಒಳಗೆ 7.15 ವೋಲ್ಟಿನ ಆಧಾರ ಇದೆ. ಔಟ್‌ಪುಟ್ಟಿನಿಂದ ಎರಡು ರೆಸಿಸ್ಟರ್ ಇಳಿದು ಬಂದು, ನಡುವಿನ ಬಿಂದು 4ನೇ ಕಾಲಿಗೆ ಹೋಗುತ್ತದೆ. ಆ ಬಿಂದು 7.15 ಆಗುವ ತನಕ ಐಸಿ ಔಟ್‌ಪುಟ್ ಏರಿಸುತ್ತದೆ. ಪ್ರಿಸೆಟ್ಟಿನ ನಡುವಿನ ಕಾಲು ನೇರ 4ಕ್ಕೆ ಹೋಗಿದ್ದು, ಒಳಗಿನ ಉಜ್ಜುವ ತುದಿ ಒಂದು ಕ್ಷಣ ಬಿಟ್ಟರೂ ಐಸಿಗೆ ಔಟ್‌ಪುಟ್ ಕಾಣುವುದಿಲ್ಲ. ಕಮ್ಮಿ ಆಯಿತು ಅಂತ ತಿಳಿದು ಪೂರ್ತಿ ಬಾಗಿಲು ತೆಗೆದುಬಿಡುತ್ತದೆ. 13.8 ಇದ್ದಲ್ಲಿ 20ರ ಮೇಲೆ. ಹಾಗಾಗಿ ಮಲ್ಟಿಟರ್ನ್ ಪ್ರಿಸೆಟ್ ತಂದು, ಅದನ್ನು ಕೆಳಗಿನ ರೆಸಿಸ್ಟರಿನ ಸಾಲಿನಲ್ಲಿ ಮಾತ್ರ ಹಾಕಿ, ಮೇಲಿನದು ಬಿಗಿಯಾದ ರೆಸಿಸ್ಟರ್ ಇರಲಿ. ಆಗ ಪ್ರಿಸೆಟ್ ಕೈ ಕೊಟ್ಟರೆ ಔಟ್‌ಪುಟ್ 7ಕ್ಕೆ ಇಳಿಯುತ್ತದೆ, ಏರುವುದಿಲ್ಲ. ಸೆಟ್ ಆಫ್ ಆಗುತ್ತದೆ, ಉಳಿಯುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಂದು ಬೆಳಿಗ್ಗೆ ನನ್ನ ಸಪ್ಲೈಯ ಒಂದು 3055 ಕಲೆಕ್ಟರಿನಿಂದ ಎಮಿಟರಿಗೆ ನೇರ ಶಾರ್ಟ್ ಆಯಿತು. ಕೆಪಾಸಿಟರಿನ 23 ವೋಲ್ಟ್ ಹಾಗೇ ಸೆಟ್ಟಿಗೆ ಹೋಯಿತು. ಡಯಲ್ ಲೈಟು ಒಮ್ಮೆ ಬೆಳ್ಳಗೆ ಹೊಳೆದು ಆರಿತು, ಆಮೇಲೆ ಸುಟ್ಟ ವಾಸನೆ. ಎರಡು ವರ್ಷ ದುಡ್ಡು ಕೂಡಿಸಿ ತೆಗೆದುಕೊಂಡ ಸೆಟ್ ಅದು. ಆ ದಿನ ಔಟ್‌ಪುಟ್ಟಿನಲ್ಲಿ ಒಂದು ಕ್ರೋಬಾರ್ (ವೋಲ್ಟೇಜ್ ಮಿತಿ ಮೀರಿದರೆ ಔಟ್‌ಪುಟ್ಟನ್ನು ಶಾರ್ಟ್ ಮಾಡುವ ಕಾವಲು) ಇದ್ದಿದ್ದರೆ ಒಂದು ಫ್ಯೂಸ್ ಮಾತ್ರ ಹೋಗುತ್ತಿತ್ತು. ಅದಕ್ಕೆ ಬೇಕಾದದ್ದು 15 ವೋಲ್ಟಿನ ಜೀನರ್ ಡಯೋಡ್, 25 ಆಂಪಿಯರಿನ ಎಸ್‌ಸಿಆರ್ (ಗೇಟಿಗೆ ಕರೆಂಟ್ ಬಂದರೆ ಆನ್ ಆಗುವ ಸ್ವಿಚ್), ಗೇಟಿನಿಂದ ಮೈನಸ್ಸಿಗೆ ಒಂದು 100 ಓಮ್, ಮತ್ತೆ ದೊಡ್ಡ ಕೆಪಾಸಿಟರಿಗೂ 3055ಗಳಿಗೂ ಮಧ್ಯೆ 25 ಆಂಪಿಯರಿನ ಫ್ಯೂಸ್. ವೋಲ್ಟೇಜ್ 15.7 ದಾಟಿದ ಕ್ಷಣ ಎಸ್‌ಸಿಆರ್ ಔಟ್‌ಪುಟ್ಟನ್ನು ಶಾರ್ಟ್ ಮಾಡಿ ಫ್ಯೂಸ್ ಹಾರಿಸುತ್ತದೆ. ನಿಮ್ಮ ಸಪ್ಲೈಯಲ್ಲಿ ಇದು ಇದೆಯಾ ನೋಡಿ. ಇಲ್ಲದಿದ್ದರೆ ಉಳಿದ ಎಲ್ಲದಕ್ಕಿಂತ ಮೊದಲು ಇದನ್ನು ಹಾಕಿ, ಹಾಕಿದ ಮೇಲೆ ಸೆಟ್ ಇಲ್ಲದೆ ಬಲ್ಬ್ ಇಟ್ಟು ಪರೀಕ್ಷೆ ಮಾಡಿ.

ನಾಲ್ಕು ದಿನದ ಪ್ಲಗ್ಗಿನ ಅಂಕೆ, ಬಲ್ಬ್ ಉರಿಯುವಾಗ ಕೆಪಾಸಿಟರಿನ ಮೇಲಿನ ಎಸಿ, ಡಮ್ಮಿ ಲೋಡಿನಲ್ಲಿ ಏನಾಯಿತು ಅನ್ನುವುದು, ಈ ಮೂರನ್ನು ಬರೆದು ಕಳಿಸಿ. ಜೊತೆಗೆ ಆಂಟೆನಾದ ಎರಡು ತುದಿ ಎಲ್ಲೆಲ್ಲಿ ಕಟ್ಟಿದ್ದೀರಿ ಅಂತ ಒಂದು ಗೀಟು ಚಿತ್ರ ಬಿಡಿಸಿ ಕಳಿಸಿದರೆ ಇನ್ನೂ ಒಳ್ಳೆಯದು.